ಕತ್ತಿನಿಂದ ಉಸಿರಾಡುವವರಿಗೆ ಊದುವ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾನ್ಸರ್‌ನಿಂದಾಗಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಸಿಕೊಂಡವರಿಗೆ ಶ್ವಾಸಕೋಶದ ಪರೀಕ್ಷೆ ಮಾಡಿಸಬೇಕಾಗಿ ಬಂದಾಗ ಗೊಂದಲ ಶುರುವಾಗುತ್ತದೆ. ರೋಗಿಗಳು, ಮನೆಯವರು ಮತ್ತು ಬೆಂಗಳೂರಿನ ಪಿಎಫ್‌ಟಿ (ಶ್ವಾಸಕೋಶ ಪರೀಕ್ಷೆಯ) ಕೋಣೆಗಳಿಗೆ ಹೊಸದಾಗಿ ಸೇರಿದ ತಂತ್ರಜ್ಞರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದೆ. ಕೊನೆಯ ಭಾಗ ಹೆಚ್ಚಾಗಿ ತಂತ್ರಜ್ಞರಿಗೆ. ಉಳಿದವರು ಅಲ್ಲಿಗೆ ನಿಲ್ಲಿಸಿದರೂ ನಷ್ಟವಿಲ್ಲ.

## ಶುರುವಿನ ಪ್ರಶ್ನೆಗಳು

ನಮ್ಮಪ್ಪನಿಗೆ ಗಂಟಲು ಆಪರೇಷನ್ ಆಗಿದೆ. ಈಗ ಊದೋ ಟೆಸ್ಟ್ ಮಾಡಿಸಿ ಅಂತಿದಾರೆ. ಬಾಯಲ್ಲಿ ಗಾಳೀನೇ ಬರಲ್ಲ, ಹೇಗೆ ಊದೋದು?

ಕತ್ತಿನಿಂದ ಊದುತ್ತಾರೆ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದಾಗ ಶ್ವಾಸನಾಳದ ಮೇಲ್ತುದಿಯನ್ನು ಮುಂದಕ್ಕೆ ತಂದು ಕತ್ತಿನ ಚರ್ಮಕ್ಕೆ ಹೊಲಿಯುತ್ತಾರೆ. ಅದೇ ಸ್ಟೋಮಾ, ಅಂದರೆ ಕತ್ತಿನ ರಂಧ್ರ. ಅಂದಿನಿಂದ ಬಾಯಿ, ಮೂಗುಗಳಿಗೆ ಅನ್ನನಾಳದ ಸಂಬಂಧ ಮಾತ್ರ ಉಳಿಯುತ್ತದೆ, ಶ್ವಾಸಕೋಶದ ಸಂಬಂಧ ಕಡಿದುಹೋಗುತ್ತದೆ. ಹಾಗಾಗಿ ಊದಿದ ಗಾಳಿಯನ್ನು ಅಳೆಯುವ ಯಂತ್ರವಾದ ಸ್ಪೈರೋಮೀಟರಿನ ಕೊಳವೆಯನ್ನು ಬಾಯಿಗಿಟ್ಟು ಮೂಗಿಗೆ ಕ್ಲಿಪ್ ಹಾಕಿದರೆ ಯಂತ್ರ ಸೊನ್ನೆ ತೋರಿಸುತ್ತದೆ. ರೋಗಿ ಅಭ್ಯಾಸಬಲದಿಂದ ಕೆನ್ನೆ ಉಬ್ಬಿಸಿ ಊದಿದರೆ ಬಾಯಲ್ಲಿದ್ದ ಒಂದಿಷ್ಟು ಗಾಳಿ ಹೊರಬರುತ್ತದೆ, ಅಷ್ಟೇ. ಸರಿಯಾದ ಜೋಡಣೆ ಇದ್ದರೆ ಯಂತ್ರ ಅದೇ, ಊದುವ ರೀತಿ ಅದೇ. ಬದಲಾಗುವುದು ಕೊಳವೆ ಇಡುವ ಜಾಗ.

ಟ್ರಕಿಯಾಸ್ಟಮಿ ಅಂತಾನೂ ಹೇಳ್ತಾರೆ. ಎರಡೂ ಒಂದೇನಾ?

ಅಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ಈ ವ್ಯತ್ಯಾಸವನ್ನು ಹೇಳಲೇಬೇಕು. ಟ್ರಕಿಯಾಸ್ಟಮಿ ಎಂದರೆ ಕತ್ತಿನಿಂದ ಶ್ವಾಸನಾಳಕ್ಕೆ ರಂಧ್ರ ಮಾಡಿ ಟ್ಯೂಬು ಇಡುವುದು. ಅದು ಆದವರಿಗೆ ಧ್ವನಿಪೆಟ್ಟಿಗೆ ಇದ್ದಲ್ಲೇ ಇರುತ್ತದೆ. ಗಾಳಿ ಕತ್ತಿನ ಟ್ಯೂಬಿನಲ್ಲೂ ಹೋಗಬಹುದು, ಬಾಯಿ ಮೂಗಿನಲ್ಲೂ ನುಸುಳಬಹುದು. ಧ್ವನಿಪೆಟ್ಟಿಗೆ ತೆಗೆದವರಿಗೆ ಇರುವುದು ಒಂದೇ ದಾರಿ, ಕತ್ತು.

ಪರೀಕ್ಷೆಗಿಂತ ದೊಡ್ಡ ಕಾರಣವೂ ಇದೆ. ತುರ್ತು ಸಂದರ್ಭದಲ್ಲಿ ಆಮ್ಲಜನಕದ ಮಾಸ್ಕನ್ನು ಮುಖಕ್ಕೆ ಹಾಕಿದರೆ ಇವರಿಗೆ ಒಂದು ಗುಟುಕು ಗಾಳಿಯೂ ತಲುಪುವುದಿಲ್ಲ, ಕತ್ತಿಗೇ ಹಾಕಬೇಕು. 'ನಾನು ಕತ್ತಿನಿಂದ ಉಸಿರಾಡುತ್ತೇನೆ, ಆಮ್ಲಜನಕ ಕತ್ತಿಗೆ ಕೊಡಿ' ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿ ಜೇಬಿನಲ್ಲಿರಲಿ. ಆಂಬುಲೆನ್ಸ್ ಹುಡುಗರಿಗೆ ಇದು ಗೊತ್ತಿರುತ್ತದೆ ಎಂದುಕೊಂಡು ಸುಮ್ಮನಿರಬೇಡಿ.

ಆಪರೇಷನ್ ಆಗಿದ್ದು ಗಂಟಲಿಗೆ. ಶ್ವಾಸಕೋಶ ಯಾಕೆ ನೋಡಬೇಕು?

ಗಂಟಲಿಗೆ ಕ್ಯಾನ್ಸರ್ ತಂದ ಬೀಡಿ, ಸಿಗರೇಟು ಶ್ವಾಸಕೋಶವನ್ನೂ ಬಿಟ್ಟಿರುವುದಿಲ್ಲ. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಆದವರಲ್ಲಿ ಬಹಳ ಮಂದಿ ಹಳೆಯ ಧೂಮಪಾನಿಗಳು, ಅವರಲ್ಲಿ ಹಲವರಿಗೆ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ, ಮೊದಲೇ ಇರುತ್ತದೆ. ಗಂಟಲಿನ ಗಲಾಟೆಯಲ್ಲಿ ಅದನ್ನು ಯಾರೂ ಗಮನಿಸಿರುವುದಿಲ್ಲ.

ಎರಡನೆಯದು ಮೂಗು ಕೈಬಿಟ್ಟುಹೋದದ್ದು. ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೂಡಿಸಿ, ದೂಳು ಸೋಸಿ ಒಳಗೆ ಕಳಿಸುತ್ತಿದ್ದುದು ಮೂಗು. ಈಗ ಬೆಂಗಳೂರಿನ ಒಣ ಚಳಿಗಾಳಿ, ಮೆಟ್ರೊ ಕಾಮಗಾರಿಯ ದೂಳು, ಕಾಂಗ್ರೆಸ್ ಗಿಡದ ಪರಾಗ ಎಲ್ಲ ನೇರ ಶ್ವಾಸನಾಳಕ್ಕೆ ಇಳಿಯುತ್ತವೆ. ಕಫ ಹೆಚ್ಚುತ್ತದೆ, ಕೆಮ್ಮು ಹೆಚ್ಚುತ್ತದೆ, ಒಳಗೆ ಒಣಗಿ ಹೊಪ್ಪಳೆ ಕಟ್ಟುತ್ತದೆ. ಏದುಸಿರು ಬಂದಾಗ ಅದು ಹಳೆಯ ಸಿಒಪಿಡಿಯದೋ, ಕಟ್ಟಿದ ಕಫದ್ದೋ, ಕಿರಿದಾದ ರಂಧ್ರದ್ದೋ ಎಂದು ಬೇರ್ಪಡಿಸಲು ಅಳತೆ ಬೇಕೇ ಬೇಕು. ಇನ್ನೊಂದು ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ವೈದ್ಯರೂ ಕೇಳುತ್ತಾರೆ.

ಬೆರಳಿಗೆ ಹಾಕೋ ಆಕ್ಸಿಮೀಟರ್‌ನಲ್ಲಿ 97 ತೋರಿಸುತ್ತೆ. ಅದು ಸಾಲದಾ?

ಸಾಲದು. ಆಕ್ಸಿಮೀಟರ್ ತೋರಿಸುವುದು ಆ ಗಳಿಗೆಯಲ್ಲಿ ರಕ್ತದಲ್ಲಿರುವ ಆಮ್ಲಜನಕ. ಶ್ವಾಸನಾಳಗಳು ಸಾಕಷ್ಟು ಕಿರಿದಾದ ಮೇಲೂ, ಕೂತಿರುವಾಗ ಆ ಸಂಖ್ಯೆ ಚೆನ್ನಾಗಿಯೇ ಇರಬಹುದು.

## ಪರೀಕ್ಷೆಯ ದಿನ

ಆಪರೇಷನ್ ಆಗಿ ಎಷ್ಟು ದಿನಕ್ಕೆ ಮಾಡಿಸಬಹುದು?

ಕ್ಯಾಲೆಂಡರ್ ನೋಡಿ ಹೇಳುವ ವಿಷಯ ಇದಲ್ಲ, ಕತ್ತು ನೋಡಿ ಹೇಳಬೇಕು. ಹೊಲಿಗೆ ಮಾಗಿರಬೇಕು. ನುಂಗಿದ್ದು ಗಾಯದಿಂದ ಸೋರುವ ಫಿಸ್ಟುಲಾ ಇರಬಾರದು. ರೇಡಿಯೇಷನ್ ಆಗುತ್ತಿದ್ದರೆ ಚರ್ಮ ಸುಟ್ಟಂತಾಗಿ ಕೆಂಪಾಗಿರುತ್ತದೆ, ಅದರ ಮೇಲೆ ಮಾಸ್ಕ್ ಒತ್ತುವುದು ಹಿಂಸೆ. ಗಾಯ ನೋಡಿ ಒಪ್ಪಿಗೆ ಕೊಡಬೇಕಾದವರು ಶಸ್ತ್ರಚಿಕಿತ್ಸಕರೇ. ಇದಲ್ಲದೆ ಎಲ್ಲರಿಗೂ ಅನ್ವಯಿಸುವ ತಡೆಗಳಿವೆ: ಇತ್ತೀಚಿನ ಹೃದಯಾಘಾತ, ಕಫದಲ್ಲಿ ರಕ್ತ, ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡಿರುವುದು, ಕಣ್ಣಿನ ಹೊಸ ಆಪರೇಷನ್. ಕ್ಷಯದ ಅನುಮಾನವಿದ್ದರೆ ಮೊದಲು ಕಫದ ಪರೀಕ್ಷೆ, ಆಮೇಲೆ ಊದುವುದು.

ಕತ್ತಿಗೆ ಏನಿಡ್ತಾರೆ? ನೋವಾಗುತ್ತಾ?

ಹೆಚ್ಚಾಗಿ ಬಳಕೆಯಲ್ಲಿರುವುದು ಮೂರು ದಾರಿ.

ಒಂದು, ಮಕ್ಕಳ ಮುಖಕ್ಕೆ ಹಾಕುವ ದುಂಡನೆಯ ಮೆತ್ತನೆಯ ಮಾಸ್ಕನ್ನು ರಂಧ್ರದ ಸುತ್ತ ಒತ್ತಿ ಹಿಡಿದು ಅದರ ಬಾಯಿಗೆ ಸ್ಪೈರೋಮೀಟರ್ ಜೋಡಿಸುವುದು. ಒಳಗೆ ಏನೂ ಹೋಗುವುದಿಲ್ಲ, ಹಾಗಾಗಿ ಕೆಮ್ಮು ಕಡಿಮೆ. ತೊಂದರೆ ಬರುವುದು ಕತ್ತಿನ ಆಕಾರದಿಂದ. ಶಸ್ತ್ರಚಿಕಿತ್ಸೆಯಲ್ಲಿ ಕತ್ತಿನ ಗಂಟುಗಳನ್ನೂ ತೆಗೆದಿದ್ದರೆ ಎರಡೂ ಬದಿ ಗುಳಿ ಬಿದ್ದಿರುತ್ತದೆ, ರಂಧ್ರ ಆಳದಲ್ಲಿರುತ್ತದೆ, ಮಾಸ್ಕಿನ ಅಂಚು ಕೂರುವುದೇ ಇಲ್ಲ. ತೆಳ್ಳಗಿನ ವಯಸ್ಸಾದವರಲ್ಲಿ ಇದು ಇನ್ನೂ ಕಷ್ಟ.

ಎರಡು, ರಂಧ್ರದ ಸುತ್ತ ಅಂಟುವ ಪಟ್ಟಿ. ಎಚ್‌ಎಂಇ, ಅಂದರೆ ತೇವ ಹಿಡಿಯುವ ಫಿಲ್ಟರ್ ಬಳಸುವವರಿಗೆ ಇದು ಗೊತ್ತು. ಫಿಲ್ಟರ್ ತೆಗೆದು ಆ ಜಾಗಕ್ಕೆ ಅಡಾಪ್ಟರ್ ಹಾಕುತ್ತಾರೆ. ಚರ್ಮ ಒಣಗಿದ್ದು ಚೆನ್ನಾಗಿ ಅಂಟಿದರೆ ನನಗೆ ಇಷ್ಟವಾದ ವಿಧಾನ ಇದೇ. ಜೋರಾಗಿ ಊದುವಾಗ ಅಂಚು ಕಿತ್ತುಬರುವುದುಂಟು.

ಮೂರು, ಕಫ್, ಅಂದರೆ ಸುತ್ತ ಉಬ್ಬುವ ಸಣ್ಣ ಬಲೂನು ಇರುವ ಟ್ಯೂಬನ್ನು ರಂಧ್ರದೊಳಗೆ ಇಳಿಸಿ ಕಫ್‌ಗೆ ಗಾಳಿ ತುಂಬುವುದು. ಸೋರಿಕೆ ಬಹುತೇಕ ನಿಲ್ಲುತ್ತದೆ. ಆದರೆ ಟ್ಯೂಬು ಶ್ವಾಸನಾಳದ ಗೋಡೆಗೆ ತಾಗಿದ ಕೂಡಲೇ ಕೆಮ್ಮು ಒತ್ತರಿಸಿಕೊಂಡು ಬರುತ್ತದೆ, ಮತ್ತೆ ಟ್ಯೂಬು ಕಿರಿದಾದಷ್ಟೂ ಗಾಳಿಯ ವೇಗ ಕಡಿಮೆ ಕಾಣುತ್ತದೆ. ಇದನ್ನು ತರಬೇತಿ ಇದ್ದವರೇ ಹಾಕಬೇಕು.

ನೋವು ಅನ್ನುವಂಥದ್ದು ಯಾವುದರಲ್ಲೂ ಇಲ್ಲ. ಉಸಿರಿನ ಒಂದೇ ಬಾಗಿಲನ್ನು ಬೇರೆಯವರು ಕೈಯಲ್ಲಿ ಹಿಡಿದಿದ್ದಾರೆ ಅನ್ನುವ ಗಾಬರಿ ಮಾತ್ರ ಇರುತ್ತದೆ, ಅದು ಸಹಜ. ಮಾಸ್ಕನ್ನು ಮೊದಲ ಸಲ ರೋಗಿಯ ಕೈಯಿಂದಲೇ ಒತ್ತಿಸಿಕೊಂಡರೆ ಅರ್ಧ ಗಾಬರಿ ಇಳಿಯುತ್ತದೆ.

ಮಧ್ಯದಲ್ಲಿ ಕಫ ಬಂದ್ರೆ? ಅವರಿಗೆ 'ಸಾಕು' ಅಂತ ಹೇಳೋಕೂ ಆಗಲ್ಲ.

ಅದಕ್ಕೇ ಶುರುವಿಗೆ ಮುಂಚೆ ಕೈಸನ್ನೆ ಗೊತ್ತುಮಾಡಿಕೊಳ್ಳಬೇಕು. ಅಂಗೈ ಎತ್ತಿದರೆ ತಕ್ಷಣ ಮಾಸ್ಕ್ ತೆಗೆಯಬೇಕು, ಯಾಕೆ ಏನು ಎಂದು ಆಮೇಲೆ ಕೇಳಿದರಾಯಿತು. ಬರೆಯಲು ಸಣ್ಣ ಸ್ಲೇಟೋ ಮೊಬೈಲೋ ಹತ್ತಿರವಿರಲಿ. ಎಲೆಕ್ಟ್ರೋಲ್ಯಾರಿಂಕ್ಸ್, ಅಂದರೆ ಕತ್ತಿಗೆ ಹಿಡಿದು ಮಾತಾಡುವ ವಿದ್ಯುತ್ ಸಾಧನ ಬಳಸುವವರು ಅದನ್ನು ಮನೆಯಲ್ಲಿ ಬಿಟ್ಟು ಬರಬೇಡಿ.

ಪರೀಕ್ಷೆಗೆ ಮುಂಚೆ ಕೆಮ್ಮಿ ಕಫ ತೆಗೆಯಬೇಕು, ಬೇಕಿದ್ದರೆ ಸಕ್ಷನ್ (ಕೊಳವೆಯಿಂದ ಕಫ ಹೀರಿ ತೆಗೆಯುವುದು) ಮಾಡಿಸಿಕೊಳ್ಳಬೇಕು. ಕಫ ಕಟ್ಟಿಕೊಂಡು ಊದಿದ ಪರೀಕ್ಷೆ ಶ್ವಾಸಕೋಶವನ್ನಲ್ಲ, ಕಫವನ್ನು ಅಳೆಯುತ್ತದೆ. ಸ್ಪೈರೋಮೀಟರಿಗೂ ಕತ್ತಿಗೂ ನಡುವೆ ಹೊಸ ಬ್ಯಾಕ್ಟೀರಿಯಾ ಫಿಲ್ಟರ್ ಇದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಕತ್ತಿನಿಂದ ಬರುವ ಕಫಕ್ಕೆ ಬಾಯಿಯ ತಡೆಯೂ ಇಲ್ಲ. ಸ್ವಚ್ಛ ಬಟ್ಟೆ, ಒಂದು ಬದಲಿ ಫಿಲ್ಟರ್, ನೀರು ತೆಗೆದುಕೊಂಡು ಹೋಗಿ. ಹೊಟ್ಟೆತುಂಬ ಊಟ ಮಾಡಿ ಹೋಗಬೇಡಿ.

ಪಂಪ್ ಹೊಡ್ಕೊಂಡು ಬರಬೇಕಾ, ಬಿಟ್ಟು ಬರಬೇಕಾ?

ವೈದ್ಯರು ಬೇರೆ ಹೇಳದಿದ್ದರೆ, ಉಸಿರನಾಳ ಹಿಗ್ಗಿಸುವ ಔಷಧಿ ಇಲ್ಲದ ಸ್ಥಿತಿಯನ್ನು ಮೊದಲು ನೋಡುತ್ತಾರೆ. ಸಾಲ್ಬುಟಮಾಲ್ ಆದರೆ 4 ರಿಂದ 6 ಗಂಟೆ, ದಿನಕ್ಕೆರಡು ಸಲ ತೆಗೆದುಕೊಳ್ಳುವ ದೀರ್ಘಾವಧಿಯ ಔಷಧಿಯಾದರೆ ಒಂದು ದಿನ ಬಿಡಿಸುವುದು ರೂಢಿ. ಉಬ್ಬಸ ಜೋರಿದ್ದರೆ ತಡೆದುಕೊಂಡು ಕೂರಬೇಡಿ. ಔಷಧಿ ತೆಗೆದುಕೊಂಡು, ಎಷ್ಟು ಹೊತ್ತಿಗೆ ಅಂತ ಹೇಳಿ.

ನಾನು ಕೇಳುವ ಪ್ರಶ್ನೆ ಬೇರೆ: ಪಂಪನ್ನು ಎಲ್ಲಿಗೆ ಹೊಡೆದುಕೊಳ್ಳುತ್ತಿದ್ದೀರಿ? ಚೀಟಿಯಲ್ಲಿ 'ದಿನಕ್ಕೆ ಎರಡು ಪಫ್' ಎಂದಿರುತ್ತದೆ, ಮೆಡಿಕಲ್ ಶಾಪಿನವರು ಬಾಯಿಗೆ ಹೊಡೆಯುವುದನ್ನು ತೋರಿಸಿ ಕಳಿಸಿರುತ್ತಾರೆ. ಧ್ವನಿಪೆಟ್ಟಿಗೆ ಇಲ್ಲದವರು ಬಾಯಿಗೆ ಹೊಡೆದ ಪಫ್ ಎಂಜಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಪುಡಿ ತುಂಬಿದ ಕ್ಯಾಪ್ಸೂಲ್ ಎಳೆದುಕೊಳ್ಳುವ ಸಾಧನಗಳೂ ಬಾಯಿಗಾಗಿಯೇ ಮಾಡಿದವು. ಇವರಿಗೆ ಬೇಕಾದದ್ದು ಮಕ್ಕಳ ಮಾಸ್ಕ್ ಇರುವ ಸ್ಪೇಸರ್, ಅಂದರೆ ಪಂಪಿಗೆ ಜೋಡಿಸುವ ಟೊಳ್ಳು ಡಬ್ಬಿ. ಅದನ್ನು ಕತ್ತಿನ ರಂಧ್ರಕ್ಕೆ ಒತ್ತಿ ಹಿಡಿದು, ಪಫ್ ಕೊಟ್ಟು, ನಿಧಾನಕ್ಕೆ ಹಲವು ಉಸಿರು ಎಳೆಯಬೇಕು. ಇಲ್ಲವಾದರೆ ನೆಬ್ಯುಲೈಜರ್, ಅದರ ಮಾಸ್ಕೂ ಕತ್ತಿಗೇ. ಆ ಹೊತ್ತಿಗೆ ಎಚ್‌ಎಂಇ ತೆಗೆದಿರಬೇಕು. 'ಪಂಪ್ ಕೆಲಸ ಮಾಡ್ತಿಲ್ಲ' ಎಂದು ಔಷಧಿ ಬದಲಿಸುವ ಮೊದಲು ಇದೊಂದನ್ನು ನೋಡಿಬಿಟ್ಟರೆ ಎಷ್ಟೋ ದುಡ್ಡು ಉಳಿಯುತ್ತದೆ.

ಮಾತಾಡೋಕೆ ವಾಲ್ವ್ ಹಾಕಿದಾರೆ. ಅದರಿಂದ ಗಾಳಿ ಸೋರಿ ರಿಪೋರ್ಟ್ ಕೆಡಲ್ವಾ?

ಈ ವಾಲ್ವ್ ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆಯಲ್ಲಿರುತ್ತದೆ, ಒಮ್ಮುಖವಾಗಿ ತೆರೆಯುತ್ತದೆ. ಮಾತಿಗಾಗಿ ಬೆರಳಿನಿಂದ ರಂಧ್ರ ಮುಚ್ಚಿದಾಗ ಒಳಗೆ ಒತ್ತಡ ಏರಿ ಗಾಳಿ ಅದರೊಳಗೆ ನುಗ್ಗುತ್ತದೆ. ಸ್ಪೈರೋಮೀಟರ್ ಗಾಳಿಗೆ ಒಡ್ಡುವ ತಡೆ ತೀರ ಕಡಿಮೆ, ಹಾಗಾಗಿ ಗಾಳಿ ಸಲೀಸಾದ ದಾರಿಯಲ್ಲೇ ಹೊರಬರುತ್ತದೆ. ಸುಸ್ಥಿತಿಯ ವಾಲ್ವಿನಿಂದ ಆಗುವ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ.

ಹಳಸಿದ ವಾಲ್ವಿನ ತೊಂದರೆ ಬೇರೆ ಥರದ್ದು. ಕಾಫಿ ಕುಡಿದ ಕೂಡಲೇ ಕತ್ತಿನಿಂದ ಕೆಮ್ಮು, ಕಾಫಿ ಬಣ್ಣದ ಕಫ ಬಂದರೆ ವಾಲ್ವ್ ಸೋರುತ್ತಿದೆ ಎಂದೇ ಅರ್ಥ. ಹೀಗೆ ಇಳಿದ ನೀರು, ಹಾಲು ಶ್ವಾಸಕೋಶದಲ್ಲಿ ಸೋಂಕು ಮಾಡಬಹುದು. ಮೊದಲು ವಾಲ್ವ್ ಬದಲಿಸಿ, ಆಮೇಲೆ ಪರೀಕ್ಷೆ. ಹೊರದೇಶದ ವಾಲ್ವ್‌ಗಳ ಬೆಲೆಗೆ ಹೆದರಿ ಹಳೆಯದನ್ನೇ ಎಳೆದುಕೊಂಡು ಹೋಗುವವರಿದ್ದಾರೆ. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ಸುಮಾರು 50 ರೂಪಾಯಿಗೆ ರೂಪಿಸಿದ 'ಓಂ' ಸಾಧನ ಈ ಕಾರಣಕ್ಕೇ ಸುದ್ದಿಯಾದದ್ದು. ನಿಮಗೆ ಯಾವುದು ಹೊಂದುತ್ತದೆ ಎಂಬುದನ್ನು ನಿಮ್ಮ ವೈದ್ಯರು ಹೇಳಬೇಕು.

ಬೆಂಗಳೂರಲ್ಲಿ ಎಲ್ಲಿ ಮಾಡಿಸೋದು?

ರಕ್ತಪರೀಕ್ಷೆಯ ಪ್ಯಾಕೇಜಿನಲ್ಲಿ ಪಿಎಫ್‌ಟಿ ಸೇರಿಸಿ ಮಾರುವ ಬಡಾವಣೆಯ ಲ್ಯಾಬುಗಳಿಗೆ ಹೋಗಿ ಪ್ರಯೋಜನವಿಲ್ಲ. ಇಎನ್‌ಟಿ ಅಥವಾ ಕ್ಯಾನ್ಸರ್ ವಿಭಾಗವೂ ಎದೆರೋಗ ವಿಭಾಗವೂ ಇರುವ ದೊಡ್ಡ ಆಸ್ಪತ್ರೆ ಮೇಲು. ಹೊಸೂರು ರಸ್ತೆ ಕಡೆ ಕಿದ್ವಾಯಿ ಸಂಸ್ಥೆಯೂ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯೂ ಹತ್ತಿರ ಹತ್ತಿರ ಇವೆ, ಹೊರ ಜಿಲ್ಲೆಯಿಂದ ಬರುವವರಿಗೆ ಅದೊಂದು ಅನುಕೂಲ. ಎಲ್ಲೇ ಆಗಲಿ, ಹೋಗುವ ಮುಂಚೆ ಪಿಎಫ್‌ಟಿ ಕೋಣೆಗೇ ಫೋನ್ ಹಾಕಿ 'ಸ್ಟೋಮಾದಿಂದ ಮಾಡ್ತೀರಾ, ಅದಕ್ಕೆ ಮಾಸ್ಕ್ ಅಥವಾ ಅಡಾಪ್ಟರ್ ಇದೆಯಾ' ಎಂದು ಕೇಳಿ. ಕೌಂಟರಿನವರು 'ಹ್ಞೂಂ, ಬನ್ನಿ' ಅಂದದ್ದನ್ನು ನಂಬಿ ಸಿಲ್ಕ್ ಬೋರ್ಡ್ ದಾಟಿ ಬರಬೇಡಿ.

## ರಿಪೋರ್ಟ್ ಕೈಗೆ ಬಂದ ಮೇಲೆ

ಎಫ್‌ಇವಿ1 65% ಅಂತ ಬಂದಿದೆ. ಶ್ವಾಸಕೋಶ ಮೂರನೇ ಒಂದು ಭಾಗ ಹೋಯ್ತಾ?

ಇಲ್ಲ. ಎಫ್‌ಇವಿ1 ಎಂದರೆ ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ, ಎಫ್‌ವಿಸಿ ಎಂದರೆ ಒಟ್ಟು ಹೊರಬಂದದ್ದು. ಶೇಕಡಾ ಲೆಕ್ಕವನ್ನು ನಿಮ್ಮ ವಯಸ್ಸು, ಎತ್ತರ, ಲಿಂಗದ ಆರೋಗ್ಯವಂತರ ಸರಾಸರಿಗೆ ಹೋಲಿಸಿ ಹಾಕುತ್ತಾರೆ. ಆ ಸರಾಸರಿಯ ಜನರೆಲ್ಲ ಬಾಯಿಂದ ಊದಿದವರು, ಧ್ವನಿಪೆಟ್ಟಿಗೆ ಇದ್ದವರು. ಕತ್ತಿನಿಂದ ಊದುವವರಿಗೆಂದೇ ಎಲ್ಲರೂ ಒಪ್ಪಿದ ಪ್ರತ್ಯೇಕ ಕೋಷ್ಟಕವಿಲ್ಲ. ಹೀಗಾಗಿ ಶೇಕಡಾವಾರು ಸಂಖ್ಯೆ ಒಂದು ಅಂದಾಜು. ಮಾಸ್ಕ್ ಸ್ವಲ್ಪ ಸೋರಿದ್ದರೂ ಅದು ಇನ್ನಷ್ಟು ಇಳಿದಿರುತ್ತದೆ.

ಹೆಚ್ಚು ನಂಬಬಹುದಾದದ್ದು ಎರಡು. ಎಫ್‌ಇವಿ1 ಅನ್ನು ಎಫ್‌ವಿಸಿಯಿಂದ ಭಾಗಿಸಿದಾಗ ಬರುವ ಅನುಪಾತ ಮೊದಲನೆಯದು. ಉಸಿರನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಅದು 0.70ಕ್ಕಿಂತ ಕಡಿಮೆಯಿದ್ದು, ಲಕ್ಷಣಗಳೂ ಧೂಮಪಾನದ ಚರಿತ್ರೆಯೂ ಇದ್ದರೆ ಸಿಒಪಿಡಿ ಎನ್ನುತ್ತಾರೆ. ಎರಡನೆಯದು ನಿಮ್ಮದೇ ಹಿಂದಿನ ರಿಪೋರ್ಟು, ಅದೂ ಅದೇ ವಿಧಾನದಲ್ಲಿ ಮಾಡಿದ್ದು. ಕಳೆದ ಸಲ ಟ್ಯೂಬು, ಈ ಸಲ ಮಾಸ್ಕು ಆಗಿದ್ದರೆ ಹೋಲಿಕೆ ನಿಲ್ಲುವುದಿಲ್ಲ. ಕಾಗದವನ್ನು ಫೈಲಿನಲ್ಲಿ ಜೋಪಾನ ಮಾಡಿ. ಗ್ರಾಫ್ ಇರುವ ಪುಟ ಸಂಖ್ಯೆಗಳ ಪುಟಕ್ಕಿಂತ ಮುಖ್ಯ.

ಆಪರೇಷನ್‌ಗೆ ಮುಂಚೆ ಕಮ್ಮಿ ಇತ್ತು, ಈಗ ಜಾಸ್ತಿ ಬಂದಿದೆ. ಶ್ವಾಸಕೋಶ ಸುಧಾರಿಸಿದೆ ಅಂತಾನಾ?

ಹಾಗೆಂದು ಹೇಳಲಾಗದು. ಮೊದಲಿನ ಪರೀಕ್ಷೆಯಲ್ಲಿ ಗಂಟಲಿನ ಗೆಡ್ಡೆಯೇ ಗಾಳಿಗೆ ಅಡ್ಡ ನಿಂತಿದ್ದಿರಬಹುದು. ಅಡ್ಡ ಹೋಯಿತು, ವೇಗ ಏರಿತು, ಶ್ವಾಸಕೋಶ ಇದ್ದ ಹಾಗೇ ಇದೆ. ಇದರ ತಿರುಗುಮುರುಗೂ ನಿಜ: ಮುಂಚಿನ ಕಳಪೆ ಸಂಖ್ಯೆ ನೋಡಿ ಸಿಒಪಿಡಿ ಎಂದು ಬರೆದಿದ್ದರೆ ಈಗ ಕತ್ತಿನಿಂದ ಮತ್ತೊಮ್ಮೆ ಮಾಡಿ ಖಚಿತಪಡಿಸಿಕೊಳ್ಳಬೇಕು.

ಮೂರು ಚೆಂಡಿನ ಸಾಧನ ಕೊಟ್ಟಿದ್ರು. ಪ್ರಾಣಾಯಾಮಾನೂ ಮಾಡಿಸ್ತಿದೀವಿ. ನಂಬರ್ ಏರುತ್ತಾ?

ವಾರ್ಡಿನಲ್ಲಿ ಎಲ್ಲರಿಗೂ ಹಂಚುವ ಆ ಚೆಂಡಿನ ಸಾಧನವನ್ನು ಬಾಯಿಂದ ಎಳೆದರೆ ಇವರಿಗೆ ಉಪಯೋಗವಿಲ್ಲ, ಕತ್ತಿಗೆ ಜೋಡಿಸುವ ಮಾಸ್ಕ್ ಬೇಕು. ಅನುಲೋಮ ವಿಲೋಮಕ್ಕೆ ಮೂಗಿನ ಹೊಳ್ಳೆ ಮುಚ್ಚಿ ತೆರೆದರೂ ಶ್ವಾಸಕೋಶಕ್ಕೆ ಅದರ ಸುದ್ದಿಯೇ ತಲುಪುವುದಿಲ್ಲ. ಕುಂಭಕವೂ ಅಷ್ಟೇ. ಉಸಿರು ಹಿಡಿಯುವ ಕದ ಇದ್ದದ್ದು ಧ್ವನಿಪೆಟ್ಟಿಗೆಯಲ್ಲಿ. ಅದಿಲ್ಲದ್ದರಿಂದಲೇ ಭಾರ ಎತ್ತುವಾಗ, ಮಲವಿಸರ್ಜನೆಗೆ ತಿಣುಕುವಾಗ ಬಲ ಸಾಲದು ಎನಿಸುವುದು. ಮುಖಕ್ಕೆ ಹಬೆ ಹಿಡಿಯುವುದೂ ವ್ಯರ್ಥ, ಕುದಿವ ನೀರಿನ ಪಾತ್ರೆಯನ್ನು ಕತ್ತಿನ ಹತ್ತಿರ ಒಯ್ಯುವುದು ಅಪಾಯ. ಸಲೈನ್ ನೆಬ್ಯುಲೈಜರ್ ಕೇಳಿ ಪಡೆಯಿರಿ.

ಎದೆ ತುಂಬ ನಿಧಾನವಾಗಿ ಉಸಿರು ಎಳೆದು ಬಿಡುವ ವ್ಯಾಯಾಮ, ಎಚ್‌ಎಂಇಯೋ ತೇವದ ಬಟ್ಟೆಯೋ ಮುಚ್ಚಿಕೊಂಡು ಲಾಲ್‌ಬಾಗಿನಲ್ಲಿ ನಡಿಗೆ, ಬೀಡಿಗೆ ಪೂರ್ತಿ ವಿದಾಯ: ಇವು ಒಳ್ಳೆಯವು. ಎಚ್‌ಎಂಇಯನ್ನು ಹಗಲೂ ರಾತ್ರಿ ಹಾಕಿಕೊಂಡವರಲ್ಲಿ ಕೆಮ್ಮು, ಕಫ ಕಡಿಮೆಯಾಗುತ್ತವೆ. ಸ್ಪೈರೋಮೆಟ್ರಿ ಸಂಖ್ಯೆ ಏರದಿದ್ದರೂ ನಿದ್ದೆ ಸುಧಾರಿಸುವುದನ್ನು ಮನೆಯವರೇ ಗಮನಿಸುತ್ತಾರೆ.

## ತಂತ್ರಜ್ಞರು ಕೇಳುವವು

ಕಫ್ ಟ್ಯೂಬಿನಲ್ಲಿ ಸೋರಿಕೆ ಇಲ್ಲ. ಹಾಗಿದ್ದ ಮೇಲೆ ಅದನ್ನೇ ಯಾವಾಗಲೂ ಬಳಸಬಾರದೇಕೆ?

ಸೋರಿಕೆ ತಪ್ಪಿಸಲು ಹೋಗಿ ತಡೆಯನ್ನು ತಂದುಕೊಳ್ಳುತ್ತೀರಿ. ಗಾಳಿ ಸುಳಿಸುಳಿಯಾಗಿ ಹರಿಯುವಾಗ ಟ್ಯೂಬಿನ ತಡೆ ಅದರ ವ್ಯಾಸದ ಸುಮಾರು ಐದನೇ ಘಾತಕ್ಕೆ ವಿಲೋಮವಾಗಿ ಏರುತ್ತದೆ. 8 ಮಿ.ಮೀ. ಒಳವ್ಯಾಸದ ಟ್ಯೂಬು ದೊಡ್ಡವರ ಶ್ವಾಸನಾಳದ ಅರ್ಧದಷ್ಟು ಅಗಲವಿರಬಹುದು, ಅಷ್ಟೇ. ಪೆಟ್ಟು ಮೊದಲು ಬೀಳುವುದು ಗರಿಷ್ಠ ವೇಗಕ್ಕೆ, ಅಂದರೆ ಪೀಕ್ ಫ್ಲೋಗೆ. ಸಿಒಪಿಡಿ ತೀವ್ರವಾಗಿದ್ದು ವೇಗವೇ ಕಡಿಮೆಯಿರುವವರಲ್ಲಿ ಎಫ್‌ಇವಿ1 ಅಷ್ಟಾಗಿ ಕೆಡುವುದಿಲ್ಲ. ಶ್ವಾಸಕೋಶ ಚೆನ್ನಾಗಿರುವವರಲ್ಲೇ ಟ್ಯೂಬು ಹೆಚ್ಚು ಮೋಸ ಮಾಡುತ್ತದೆ. ಮೊದಲು ಮಾಸ್ಕ್ ಅಥವಾ ಅಂಟುಪಟ್ಟಿ ಪ್ರಯತ್ನಿಸಿ. ಟ್ಯೂಬೇ ಗತಿಯಾದರೆ ಸುಲಭವಾಗಿ ಹಿಡಿಸುವಷ್ಟು ದೊಡ್ಡದನ್ನು ಹಾಕಿ.

ಗ್ರಾಫ್‌ನ ಎರಡೂ ಬದಿ ಚಪ್ಪಟೆಯಾಗಿದೆ. ಏನಿದು?

ಒಳಗೆಳೆಯುವಾಗಲೂ ಹೊರಬಿಡುವಾಗಲೂ ವೇಗ ಒಂದು ಮಟ್ಟದಲ್ಲಿ ಕತ್ತರಿಸಿದಂತೆ ನಿಂತರೆ ದಾರಿಯಲ್ಲಿ ಬದಲಾಗದ ಕಿರಿದು ಜಾಗವೊಂದಿದೆ. ಟ್ಯೂಬು ಹಾಕಿದ್ದರೆ ಅದೇ ಕಾರಣ ಇರಬಹುದು. ಮಾಸ್ಕಿನಲ್ಲೂ ಹಾಗೇ ಬಂದರೆ ರಂಧ್ರ ಕಿರಿದಾಗಿದೆಯೇ, ಒಳಗೆ ಹೊಪ್ಪಳೆ ಅಂಟಿದೆಯೇ, ಅಪರೂಪಕ್ಕೆ ಗೆಡ್ಡೆ ಮರುಕಳಿಸಿದೆಯೇ ಎಂದು ಇಎನ್‌ಟಿಯವರು ನೋಡಬೇಕು. ಆ ದಿನವೇ ಹೇಳಿ, ಮುಂದಿನ ಓಪಿಡಿಗೆ ಬಿಡಬೇಡಿ. ಒತ್ತಿ ಹಿಡಿದ ಮಾಸ್ಕಿನ ಅಂಚೇ ರಂಧ್ರವನ್ನು ಮುಚ್ಚಿ ಇಂಥದ್ದೇ ಗ್ರಾಫ್ ತರಬಲ್ಲದು. ಹಿಡಿತ ಬದಲಿಸಿ ಮತ್ತೊಮ್ಮೆ ಊದಿಸಿ.

ಗುಣಮಟ್ಟದ ನಿಯಮಗಳನ್ನು ಇವರಿಗೆ ಸಡಿಲಿಸಬಹುದಾ?

ನಿಯಮ ಅದೇ ಇರಲಿ: ಒಪ್ಪಬಹುದಾದ ಮೂರು ಪ್ರಯತ್ನ, ಅತ್ಯುತ್ತಮ ಎರಡರ ನಡುವೆ ಎಫ್‌ಇವಿ1ನಲ್ಲೂ ಎಫ್‌ವಿಸಿಯಲ್ಲೂ 150 ಮಿ.ಲೀ.ಗಿಂತ ಹೆಚ್ಚು ಅಂತರ ಇರಬಾರದು, ಸಾಮಾನ್ಯವಾಗಿ ಎಂಟಕ್ಕಿಂತ ಹೆಚ್ಚು ಪ್ರಯತ್ನ ಬೇಡ. ಅವು ದಕ್ಕದಿದ್ದರೆ ದಕ್ಕಲಿಲ್ಲ ಎಂದು ಬರೆಯಿರಿ, ಸಂಖ್ಯೆಯನ್ನು ಎಸೆಯಬೇಡಿ. ಕಳೆದುಹೋಗುವುದು ಹೆಚ್ಚಾಗಿ ಕೊನೆಯ ಭಾಗ: ಕೆಮ್ಮಿನಿಂದ ಎಫ್‌ವಿಸಿ ಅರ್ಧಕ್ಕೆ ನಿಲ್ಲುತ್ತದೆ, ಆಗ ಅನುಪಾತ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಮೊದಲ ಸೆಕೆಂಡಿನೊಳಗೆ ಕೆಮ್ಮು ಬಂದಿರದಿದ್ದರೆ ಎಫ್‌ಇವಿ1 ಉಳಿದುಕೊಳ್ಳಬಹುದು. ಔಷಧಿ ಪರೀಕ್ಷೆಗೆ 400 ಮೈಕ್ರೋಗ್ರಾಂ ಸಾಲ್ಬುಟಮಾಲ್, ಸ್ಪೇಸರ್ ಮೂಲಕ ಕತ್ತಿಗೆ. 15 ನಿಮಿಷ ಕಾದು ಅದೇ ಮಾಸ್ಕಿನಲ್ಲಿ ಮತ್ತೆ ಊದಿಸಿ.

ಊದಲು ಆಗದೇ ಇದ್ದರೆ ಬೇರೆ ಪರೀಕ್ಷೆ ಯಾವುದು?

ಆಸಿಲೋಮೆಟ್ರಿ ಇದ್ದರೆ ಅದು. ಸುಮ್ಮನೆ ಉಸಿರಾಡುತ್ತಿದ್ದರೆ ಸಾಕು, ಯಂತ್ರ ಸಣ್ಣ ಅಲೆಗಳನ್ನು ಕಳಿಸಿ ತಡೆಯನ್ನು ಅಳೆಯುತ್ತದೆ. ಉಳಿದವರಲ್ಲಿ ಕೆನ್ನೆ ಅದುರದಂತೆ ಹಿಡಿಯಬೇಕು, ಇಲ್ಲಿ ಕೆನ್ನೆ ದಾರಿಯಲ್ಲೇ ಇಲ್ಲ. ಡಿಎಲ್‌ಸಿಒ, ಅಂದರೆ ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವುದನ್ನು ಅಳೆಯುವ ಪರೀಕ್ಷೆ, ಕಷ್ಟ: 10 ಸೆಕೆಂಡು ಉಸಿರು ಹಿಡಿಯಬೇಕು, ಕದವಿಲ್ಲದವರು ಅದನ್ನು ಯಂತ್ರದ ಶಟರಿನ ಮೇಲೆ ಬಿಡಬೇಕಾಗುತ್ತದೆ, ಸೋರಿಕೆ ಇದ್ದರೆ ಅದೂ ಹಾಳು. ಮೂಗು, ಗಂಟಲಿನ ಜಾಗ ಕಳೆದುಹೋಗಿರುವುದರಿಂದ ಡೆಡ್ ಸ್ಪೇಸ್ (ಗಾಳಿ ತುಂಬಿದರೂ ರಕ್ತದೊಂದಿಗೆ ಅನಿಲ ವಿನಿಮಯವಾಗದ ಜಾಗ) ಸುಮಾರು ಅರ್ಧದಷ್ಟು ಇಳಿದಿರುತ್ತದೆ, ಲೆಕ್ಕದಲ್ಲಿ ಅದನ್ನು ಮರೆಯಬೇಡಿ. ಎಲ್ಲ ಕಡೆಯೂ ಮಾಡಬಹುದಾದದ್ದು 6 ನಿಮಿಷದ ನಡಿಗೆ. ಅದಕ್ಕೆ 30 ಮೀಟರ್ ಕಾರಿಡಾರ್, ಆಕ್ಸಿಮೀಟರ್ ಸಾಕು. ನಡೆಯುವಾಗ ಎಚ್‌ಎಂಇ ಇತ್ತೋ ಇಲ್ಲವೋ ಬರೆದುಕೊಳ್ಳಿ.

ರಿಪೋರ್ಟಿನಲ್ಲಿ ಹೆಚ್ಚುವರಿ ಏನು ಬರೆಯಬೇಕು?

'ಸ್ಟೋಮಾದಿಂದ ಮಾಡಲಾಗಿದೆ' ಎಂಬುದು ಮೊದಲ ಸಾಲಿನಲ್ಲೇ ಇರಲಿ. ಮಾಸ್ಕೋ, ಅಂಟುಪಟ್ಟಿಯೋ, ಟ್ಯೂಬೋ, ಅದರ ಅಳತೆ ಎಷ್ಟು. ಸೋರಿಕೆ ಕಂಡಿತೇ, ಮಾಸ್ಕ್ ಹಿಡಿದವರು ಯಾರು, ಮುಂಚೆ ಸಕ್ಷನ್ ಆಗಿತ್ತೇ, ಧ್ವನಿ ವಾಲ್ವ್ ಇದೆಯೇ. ಸಾಫ್ಟ್‌ವೇರಿನಲ್ಲಿ ಇದಕ್ಕೆ ಬೇರೆ ಜಾಗ ಇಲ್ಲದಿದ್ದರೆ ಟಿಪ್ಪಣಿಯ ಪೆಟ್ಟಿಗೆಯಲ್ಲಿ ಟೈಪ್ ಮಾಡಿ. ಅದೂ ಇಲ್ಲದಿದ್ದರೆ ಪ್ರಿಂಟಿನ ಮೇಲೆ ಪೆನ್ನಿನಲ್ಲಿ ಬರೆದು ಸಹಿ ಹಾಕಿ.